ಅತ್ತಿಗೆ ಮಡಚಿದ ನಕ್ಷೆ

ಊರಿನ ದೊಡ್ಡ ಪಾರ್ಕಿನಲ್ಲಿ ಹನ್ನೊಂದು ಕಂಬಗಳಿವೆ. ಇದು ನಿಮಗೆ ಗೊತ್ತಿರಬೇಕಿತ್ತು. ಎರಡು ವರ್ಷದ ಹಿಂದೆ ರಿಬ್ಬನ್ ಕತ್ತರಿಸಿದ ದಿನ ಅಲ್ಲಿ ನಿಂತು ಚಪ್ಪಾಳೆ ತಟ್ಟಿದವರು ನೀವೇ. ಸೊಂಟದೆತ್ತರದ ಮರದ ಕಂಬ, ಅದರ ತಲೆಯ ಮೇಲೆ ಒಂದು ತಗಡು, ತಗಡಿನಲ್ಲಿ ಒಂದು ಸಂಖ್ಯೆ ಮತ್ತು ಒಂದು ಅಕ್ಷರ. ಗೇಟಿನ ಪಕ್ಕದ ಡಬ್ಬಿಯಿಂದ ನಕ್ಷೆ ತೆಗೆದುಕೊಳ್ಳಬೇಕು. ಅದರಲ್ಲಿ ಕೆಂಪು ಸುತ್ತು ಹಾಕಿದ ಜಾಗಗಳನ್ನು ಒಂದೊಂದಾಗಿ ಹುಡುಕಿಕೊಂಡು ಹೋಗಬೇಕು. ಕಂಬ ಸಿಕ್ಕರೆ ಅಕ್ಷರ ಬರೆದುಕೊಂಡು ಮುಂದಿನದಕ್ಕೆ ಹೊರಡಬೇಕು. ಓರಿಯಂಟೀರಿಂಗ್ ಅನ್ನುತ್ತಾರೆ. ಹೆಸರು ಉದ್ದ, ಆಟ ಇಷ್ಟೇ.

ಮೊದಲ ಭಾನುವಾರ ನಾನೂರು ಜನ ಬಂದರು. ಎರಡನೆಯ ಭಾನುವಾರ ಅರವತ್ತು. ತಿಂಗಳು ತುಂಬುವಷ್ಟರಲ್ಲಿ ನಕ್ಷೆಯ ಡಬ್ಬಿಯಲ್ಲಿ ಜೇಡ ಮನೆ ಕಟ್ಟಿತ್ತು. ಆಮೇಲೆ ಶುರುವಾಯಿತು ನೋಡಿ ನಿಮ್ಮ ಪತ್ರಗಳ ಸುರಿಮಳೆ. "ಪಾರ್ಕಿನಲ್ಲಿ ಹೊಸದೇನೂ ಇಲ್ಲ", "ನಮ್ಮ ಊರಿಗೆ ಮನರಂಜನೆಯೇ ಇಲ್ಲ", "ಅದೇ ಕಂಬಗಳನ್ನು ಎಷ್ಟು ಸಲ ನೋಡುವುದು". ಈ ಪತ್ರಿಕೆಯೊಂದಕ್ಕೇ ಅಂಥ ಹದಿನೇಳು ಕಾಗದ ಬಂದಿವೆ. ಒಂದು ಸಲ ನೋಡಿದ್ದನ್ನು ಗೊತ್ತಾಯಿತು ಎಂದು ಎತ್ತಿ ಪಕ್ಕಕ್ಕಿಡುವ ಈ ರೋಗ ಬರೀ ಪಾರ್ಕಿಗೆ ನಿಲ್ಲುವಂಥದ್ದಲ್ಲ. ಮನೆಯೊಳಗಿನ ಮನುಷ್ಯರನ್ನೂ ನಾವು ಹಾಗೇ ಇಡುತ್ತೇವೆ.

ಆ ಕಂಬಗಳನ್ನು ಅರವತ್ತಕ್ಕಿಂತ ಹೆಚ್ಚು ಸಲ ಹುಡುಕಿದ ಇಬ್ಬರು ಹೆಂಗಸರು ಈ ಊರಿನಲ್ಲಿದ್ದಾರೆ. ಅವರಲ್ಲಿ ಒಬ್ಬರ ಕತೆ ಇದು.

ಹಳೇ ಬಸ್ ನಿಲ್ದಾಣದ ಹಿಂದೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯಿದೆ. ಶಾಲೆಯ ಅಂಗಿ, ಆಸ್ಪತ್ರೆಯ ನಿಲುವಂಗಿ, ಕಾವಲುಗಾರರ ಪ್ಯಾಂಟು, ಎಲ್ಲವೂ ಅಲ್ಲೇ. ಮೂವತ್ತು ಹೊಲಿಗೆ ಯಂತ್ರಗಳ ಸದ್ದನ್ನು ದಾಟಿ ಒಳಗೆ ಹೋದರೆ ಗೋಡೆಯಿಂದ ಗೋಡೆಗೆ ಒಂದು ಮೇಜು. ಆ ಮೇಜಿನ ಮುಂದೆ ಕಳೆದ ಇಪ್ಪತ್ತೆರಡು ವರ್ಷದಿಂದ ಒಬ್ಬರೇ ನಿಲ್ಲುತ್ತಾರೆ. ಅವರನ್ನು ಎಲ್ಲರೂ ಕರೆಯುವುದು ಮಾಸ್ಟರಮ್ಮ ಎಂದು. ಬಟ್ಟೆ ಹರವಿ, ಸೀಮೆಸುಣ್ಣದಲ್ಲಿ ಗೀಟು ಹಾಕಿ, ಕತ್ತರಿಸಿ ಕೊಡುವುದು ಅವರ ಕೆಲಸ. ಹದಿನೇಳನೇ ವಯಸ್ಸಿನಲ್ಲಿ ನೆಲದ ಮೇಲೆ ಕೂತು ದಾರದ ತುದಿ ಕತ್ತರಿಸುವುದಕ್ಕೆ ಸೇರಿದವರು. ಮೇಜಿನ ಎತ್ತರಕ್ಕೆ ಏಳುವುದಕ್ಕೆ ಹದಿಮೂರು ವರ್ಷ ಹಿಡಿಯಿತು. ಯಾರೂ ಕಲಿಸಲಿಲ್ಲ. ಹಿಂದಿನ ಮಾಸ್ಟರು ಮಧ್ಯಾಹ್ನ ತೂಕಡಿಸುವಾಗ ಅವರ ಗೀಟುಗಳನ್ನು ನೋಡಿ ನೋಡಿ ಕಲಿತರು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿಕೆ ಕೂತು ಕೂತು ಗೋಲಿಯಷ್ಟು ದಪ್ಪ ಚರ್ಮ ಕಟ್ಟಿದೆ.

ಅದೇ ಕಾರ್ಖಾನೆಯ ಕಿಟಕಿ ಪಕ್ಕದ ಎರಡನೇ ಯಂತ್ರ ಅವರ ನಾದಿನಿಯದು. ಗಂಡನ ತಂಗಿ, ಇವರಿಗಿಂತ ನಾಲ್ಕು ವರ್ಷ ಚಿಕ್ಕವಳು. ಒಂದೇ ಕಟ್ಟಡದಲ್ಲಿ ಇವರದು ಕೆಳಗಿನ ಮೂರು ಕೋಣೆ, ಅವಳದು ಮೇಲಿನ ಎರಡು. ಒಂದೇ ಮೆಟ್ಟಿಲು, ಒಂದೇ ನೀರಿನ ತೊಟ್ಟಿ, ಒಂದೇ ಬಸ್ಸು. ಮಾತು ಮಾತ್ರ ಎಂಟು ವರ್ಷ ಎರಡೇ ಇತ್ತು. "ಪೀಸ್ ಕೊಡಿ" ಎಂದು ಅವಳು, "ತಗೋ" ಎಂದು ಇವರು.

ಒಂಬತ್ತು ವರ್ಷದ ಹಿಂದೆ ಹೊಲಿಗೆ ಶಾಲೆಯೊಂದರಲ್ಲಿ ಶಿಕ್ಷಕಿಯ ಕೆಲಸಕ್ಕೆ ನಾದಿನಿಯನ್ನು ಸಂದರ್ಶನಕ್ಕೆ ಕರೆದಿದ್ದರು. ಹಾಕಿಕೊಂಡು ಹೋಗಲು ಒಂದು ಕೋಟು ಬೇಕಿತ್ತು. ಅವಳ ಹತ್ತಿರ ಕಡುಕೆಂಪು ಮಖಮಲ್ಲಿನ ಒಂದೇ ಒಂದು ತುಂಡಿತ್ತು. ಅತ್ತಿಗೆ ಕತ್ತರಿಸಿ ಕೊಟ್ಟರು. ಎರಡು ತೋಳು ಕತ್ತರಿಸುವಾಗ ಬಟ್ಟೆಯನ್ನು ಮಡಚಿ ಎದುರುಬದುರು ಮಾಡಿಕೊಳ್ಳಬೇಕು. ಆಗ ಒಂದು ಎಡಗೈಗೆ, ಇನ್ನೊಂದು ಬಲಗೈಗೆ ಬರುತ್ತದೆ. ಅವತ್ತು ತುಂಡು ಚಿಕ್ಕದು, ಮಡಚಲು ಜಾಗ ಸಾಲಲಿಲ್ಲ. ಒಂದಾದ ಮೇಲೊಂದರಂತೆ ಕತ್ತರಿಸಿದ ಅತ್ತಿಗೆ ಎರಡನೆಯದಕ್ಕೆ ತೋಳಿನ ಕಾಗದದ ಅಚ್ಚನ್ನು ತಿರುವಿ ಹಾಕುವುದನ್ನು ಮರೆತರು. ಎರಡೂ ಎಡಗೈ ತೋಳುಗಳು. ಮಖಮಲ್ಲಿಗೆ ಮುಂದು ಹಿಂದು ಇರುವುದರಿಂದ ಅದನ್ನು ತಿರುಗಿಸಿ ಹೊಲಿಯುವ ಹಾಗೂ ಇಲ್ಲ.

ತಪ್ಪು ಯಾರ ಕೈಯಲ್ಲೂ ಆಗುತ್ತದೆ. ಆದರೆ ನಾದಿನಿ ಕೋಟು ಹಿಡಿದುಕೊಂಡು ಮೇಜಿನ ಮುಂದೆ ನಿಂತಾಗ ಅತ್ತಿಗೆಯ ಬಾಯಿಂದ ಬಂದದ್ದು ಬೇರೆ. ಮೂವತ್ತು ಜನರೆದುರು ಮಾಸ್ಟರಮ್ಮ ತಪ್ಪು ಮಾಡಿದರು ಅಂತ ಆಗಬಾರದಲ್ಲ! "ಅದಕ್ಕೇನಂತೆ? ಬಲಗೈ ಜೇಬಲ್ಲಿ ಇಟ್ಕೊಂಡು ಹೋಗು, ಯಾರು ನೋಡ್ತಾರೆ?" ಎಂದುಬಿಟ್ಟರು. ಮೂವತ್ತು ಯಂತ್ರಗಳು ಒಟ್ಟಿಗೆ ನಿಂತವು, ಮೂವತ್ತು ಬಾಯಿಗಳು ಒಟ್ಟಿಗೆ ನಕ್ಕವು. ನಾದಿನಿ ಸಂದರ್ಶನಕ್ಕೆ ಹೋಗಲೇ ಇಲ್ಲ. ಹೊಲಿಗೆ ಕಲಿಸಲು ಹೊರಟವಳು ಎರಡು ಎಡಗೈ ತೋಳು ಹಾಕಿಕೊಂಡು ಯಾವ ಮುಖದಲ್ಲಿ ಹೋಗುತ್ತಾಳೆ?

ಮಾಸ್ಟರಮ್ಮ ತಪ್ಪಾಯಿತು ಅನ್ನಲಿಲ್ಲ. ಮರುದಿನ ಅನ್ನೋಣ ಎಂದುಕೊಂಡರು. ಆ ಮರುದಿನ ಒಂಬತ್ತು ವರ್ಷ ಬರಲಿಲ್ಲ. ಇದನ್ನು ಓದುತ್ತ ತಲೆಯಾಡಿಸುತ್ತಿದ್ದೀರಲ್ಲ, ನಿಮ್ಮ ಮನೆಯ ಅಂಥ ಮರುದಿನಕ್ಕೆ ಈಗ ಎಷ್ಟು ವಯಸ್ಸು?

ಇವರಿಬ್ಬರನ್ನು ಪಾರ್ಕಿಗೆ ತಳ್ಳಿದ್ದು ಒಂದು ಸಕ್ಕರೆ ಕಾಯಿಲೆ. ದಿನಾ ನಡೆಯಬೇಕು ಎಂದು ನಾದಿನಿಗೆ ಡಾಕ್ಟರು ಗದರಿದರು. ಒಬ್ಬಳೇ ಹೋಗುವುದಿಲ್ಲ ಎಂದು ಅವಳ ಹಠ. ಮಾಸ್ಟರಮ್ಮನ ಗಂಡ ಬಸ್ ಡ್ರೈವರು, ಭಾನುವಾರವೂ ಡ್ಯೂಟಿ. ಒಂದು ಬೆಳಿಗ್ಗೆ ಶೂ ಕಟ್ಟಿಕೊಳ್ಳುತ್ತ ಹೆಂಡತಿಗೆ ಅಂದರು: "ಅವಳ ಜೊತೆ ನೀನು ಮಾತಾಡೋದೇನೂ ಬೇಡ. ಪಕ್ಕದಲ್ಲಿ ಕಾಲು ಹಾಕು, ಸಾಕು."

ಆದರೆ ನಕ್ಷೆ ಹಿಡಿದ ಮೇಲೆ ಬಾಯಿ ಮುಚ್ಚಿಕೊಂಡು ಇರಲಾಗುವುದಿಲ್ಲ. "ಎಡಕ್ಕೆ." "ಎಡಕ್ಕೆ ಪೊದೆ ಇದೆ." "ಪೊದೆ ಹಿಂದೆ ಇರಬೇಕು." "ಇಲ್ಲ." "ಸರಿಯಾಗಿ ನೋಡು." "ನೀವೇ ಬಂದು ನೋಡಿ." ಎಂಟು ವರ್ಷದ ಮೇಲೆ ಅವರ ನಡುವೆ ಓಡಾಡಿದ ಮೊದಲ ಮಾತುಗಳು ಇವು. ಆರನೇ ಕಂಬದ ಹೊತ್ತಿಗೆ ಜಗಳ, ಒಂಬತ್ತನೆಯದರ ಹೊತ್ತಿಗೆ ಒಂದೇ ಬಾಟಲಿಯ ನೀರು. ಮುಂದಿನ ಭಾನುವಾರ ನಾದಿನಿ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತು ಕೆಮ್ಮಿದಳು. ಕೋಟಿನ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

ಹೀಗೆ ಮೂವತ್ತೇಳು ಭಾನುವಾರ ನಡೆಯಿತು. ಮೂವತ್ತೇಳನೆಯ ಭಾನುವಾರ ಹನ್ನೊಂದನೇ ಕಂಬಕ್ಕೆ ಒರಗಿ ನಿಂತು ನಾದಿನಿ ನಕ್ಷೆಯನ್ನು ಬೀಸಣಿಗೆ ಮಾಡಿಕೊಂಡಳು.

"ಅತ್ತಿಗೆ, ಸಾಕು. ಇವತ್ತು ನಕ್ಷೆ ಒಂದು ಸಲಾನೂ ನೋಡಲಿಲ್ಲ ನಾನು. ಕಾಲಿಗೇ ಬಾಯಿಪಾಠ ಆಗೋಗಿದೆ. ಬರೋ ವಾರದಿಂದ ನಾನು ಟೆರೇಸ್ ಮೇಲೇ ನಡೀತೀನಿ."

"ಟೆರೇಸ್ ಮೇಲೆ ಏನಿದೆ? ನೀರಿನ ಟ್ಯಾಂಕು."

"ಇಲ್ಲೇನಿದೆ? ಹನ್ನೊಂದು ಗೂಟ."

ಮಾಸ್ಟರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಟೆರೇಸಿನಲ್ಲಿ ನಡೆಯಲು ಯಾರ ಜೊತೆಯೂ ಬೇಡ. ಅವಳು ಮೇಲೆ, ತಾವು ಕೆಳಗೆ. ಮತ್ತೆ ಪೀಸ್ ಕೊಡಿ, ತಗೋ. ಭಾನುವಾರದ ಆ ಎರಡು ಗಂಟೆ ಹೋದರೆ ತಮ್ಮ ಪಾಲಿಗೆ ಏನು ಹೋಗುತ್ತದೆ ಎಂಬುದು ಅವರಿಗೆ ಆ ಕ್ಷಣದಲ್ಲಿ ಗೊತ್ತಾಯಿತು.

"ಇನ್ನೊಂದು ವಾರ ಬಾ. ಹಿಂದಿಂದ ಹೋಗೋಣ. ಹನ್ನೊಂದರಿಂದ ಶುರು ಮಾಡಿ ಒಂದಕ್ಕೆ."

"ಬಟ್ಟೆ ಉಲ್ಟಾ ಹಾಕ್ಕೊಂಡ್ರೆ ಹೊಸದಾಗುತ್ತಾ?"

"ಸವೆದ ಕಾಲರ್ ಬಿಚ್ಚಿ ತಿರುವಿ ಹೊಲಿದ್ರೆ ಶರ್ಟು ಇನ್ನೆರಡು ವರ್ಷ ಬರಲ್ವಾ? ನೀನೇ ಎಷ್ಟು ಹೊಲಿದಿಲ್ಲ?"

ಮುಂದಿನ ಭಾನುವಾರ ನಾದಿನಿ ಬಂದಳು. ತಮಾಷೆ ನೋಡಿ, ಏಳನೇ ಕಂಬ ಇಬ್ಬರಿಗೂ ಸಿಗಲಿಲ್ಲ. ಅಷ್ಟು ದಿನ ದಿಬ್ಬದ ಮೇಲಿಂದ ಇಳಿಯುವಾಗ ಕಾಲಡಿಗೇ ಕಾಣುತ್ತಿದ್ದ ಕಂಬ, ಕೆಳಗಿನಿಂದ ಹತ್ತಿದರೆ ಪೊದೆಯ ಬೆನ್ನಿಗೆ ಅವಿತು ಕೂತಿತ್ತು. ಹದಿನೈದು ನಿಮಿಷ ಹುಡುಕಿದರು. ಸಿಕ್ಕಾಗ ನಾದಿನಿ ಅದರ ತಲೆಗೊಂದು ಮೊಟಕಿ, "ಮೂವತ್ತೇಳು ಸಲ ನೋಡಿದೀನಿ ನಿನ್ನ, ಬೆನ್ನು ತೋರಿಸಿರಲಿಲ್ಲ ನೋಡು" ಎಂದಳು.

ಅಲ್ಲಿಂದ ಮಾಸ್ಟರಮ್ಮನಿಗೆ ಹುಚ್ಚು ಹಿಡಿಯಿತು. ವಾರವಿಡೀ ಬಟ್ಟೆ ಕತ್ತರಿಸುವುದು, ತಲೆಯೊಳಗೆ ಪಾರ್ಕು ಕತ್ತರಿಸುವುದು. ಒಂದು ವಾರ ಹನ್ನೊಂದು ಅಂಗಿ ಗುಂಡಿಗಳ ಮೇಲೆ ಸಂಖ್ಯೆ ಬರೆದು ಚೀಲಕ್ಕೆ ಹಾಕಿಕೊಂಡು ಬಂದರು. ಕಂಬದಿಂದ ಕಂಬಕ್ಕೆ ಕೈ ಹಾಕಿ ಒಂದು ಗುಂಡಿ ತೆಗೆಯುವುದು, ಯಾವ ಸಂಖ್ಯೆ ಬಂತೋ ಅಲ್ಲಿಗೇ ಹೋಗುವುದು. ಎರಡರಿಂದ ಹತ್ತು, ಹತ್ತರಿಂದ ಮೂರು ಅಂತ ಪಾರ್ಕಿನ ಈ ತುದಿಯಿಂದ ಆ ತುದಿಗೆ ಅಲೆದು ನಾದಿನಿ ಶಾಪ ಹಾಕಿದಳು. ಆದರೆ ಹಿಂದೆಂದೂ ಕಾಲಿಡದ ಅರ್ಧ ಪಾರ್ಕನ್ನು ಅವತ್ತೇ ನೋಡಿದಳು. ಇನ್ನೊಂದು ವಾರ ನಕ್ಷೆಯ ಮೇಲೆ ಹೊದಿಸಲು ರಟ್ಟಿನ ಮುಚ್ಚಳ. ಕೆಂಪು ಸುತ್ತುಗಳಿರುವ ಕಡೆ ಮಾತ್ರ ಗುಂಡಿಯಗಲದ ಕಿಂಡಿಗಳು. ಸುತ್ತಿನೊಳಗೆ ಏನಿದೆಯೋ ಅಷ್ಟೇ ಕಾಣುತ್ತದೆ, ಅಲ್ಲಿಗೆ ಹೋಗುವ ದಾರಿ ಕಾಣುವುದಿಲ್ಲ. ಆಮೇಲೆ ನೆನಪಿನ ಆಟ. ಕಂಬದ ಹತ್ತಿರ ನಿಂತು ನಕ್ಷೆ ನೋಡಿ ಚೀಲಕ್ಕೆ ಹಾಕಿಬಿಡುವುದು, ಮುಂದಿನ ಕಂಬ ಮುಟ್ಟುವವರೆಗೆ ತೆಗೆಯುವಂತಿಲ್ಲ. ಇದರಲ್ಲಿ ನಾದಿನಿಯನ್ನು ಮೀರಿಸುವವರಿಲ್ಲ. ನಲವತ್ತು ಹೊಲಿಗೆಗಳ ಸರಣಿಯನ್ನು ತಲೆಯಲ್ಲೇ ಇಟ್ಟುಕೊಳ್ಳುವವಳು ಅವಳು.

ಕೈಗಡಿಯಾರ ಬಿಚ್ಚಿ ಪಾರ್ಕಿನ ಗೇಟು ಕಾಯುವ ತಾತನ ಕೈಗೆ ಕೊಟ್ಟು, ಎಷ್ಟು ನಿಮಿಷಕ್ಕೆ ವಾಪಸು ಬರುತ್ತೇವೆಂದು ಮೊದಲೇ ಹೇಳಿ ಹೋದ ವಾರಗಳೂ ಇದ್ದವು. ಹೇಳಿದ್ದಕ್ಕಿಂತ ಬೇಗ ಬಂದರೂ ಸೋಲು, ತಡವಾದರೂ ಸೋಲು. ಸೋತವರು ಮುಂದಿನ ವಾರ ನೀರು ಹೊರಬೇಕು. ತಾತ ಗಡಿಯಾರ ಕಿವಿಗಿಟ್ಟುಕೊಂಡು ಅನ್ನುತ್ತಿದ್ದ: "ಎಲ್ಲರೂ ಇಲ್ಲಿಗೆ ತೂಕ ಇಳಿಸ್ಕೊಳ್ಳೋಕೆ ಬರ್ತಾರೆ. ನೀವಿಬ್ರೇ ಕಣ್ರಮ್ಮ, ತಲೆಭಾರ ಹೆಚ್ಚಿಸ್ಕೊಳ್ಳೋಕೆ ಬರೋದು."

ಟೆರೇಸಿನ ಮಾತು ಮತ್ತೆ ಬರಲಿಲ್ಲ. ಆದರೆ ಮಾಸ್ಟರಮ್ಮನಿಗೆ ಪ್ರತಿ ಶುಕ್ರವಾರ ಅದೇ ಭಯ. ಈ ವಾರ ಹೊಸದೇನೂ ಹೊಳೆಯದಿದ್ದರೆ?

ಐವತ್ತೆಂಟನೇ ವಾರಕ್ಕೆ ಅವರು ದೊಡ್ಡ ಯೋಜನೆ ಹಾಕಿದರು. ಹಳೇ ಕಂಬಗಳೇ ಬೇಡ. ಶನಿವಾರ ಸಂಜೆ ಕೆಲಸ ಬಿಟ್ಟು ಪಾರ್ಕಿಗೆ ಹೋಗಿ, ತಾತನಿಗೆ ಹೇಳಿ, ಐದು ಹೊಸ ಜಾಗಗಳಲ್ಲಿ ಕೆಂಪು ಬಟ್ಟೆಯ ಚೂರು ಕಟ್ಟಿದರು. ಒಂದೊಂದರ ಮೇಲೂ ಒಂದೊಂದು ಅಕ್ಷರ. ಅದಕ್ಕೆ ಒಂದು ಹೊಸ ನಕ್ಷೆ. ಆ ನಕ್ಷೆಯಲ್ಲಿ ದಾರಿಯಿಲ್ಲ, ಕೊಳವಿಲ್ಲ, ಬೆಂಚಿಲ್ಲ. ಕೆಳಗೆ ಗೇಟು, ಆಮೇಲೆ ನೆಲದ ಏರಿಳಿತ ತೋರಿಸುವ ಗೆರೆಗಳು, ಐದು ಸುತ್ತು. ಪಾರ್ಕಿನ ಆಕಾರ ನಿಮಗೆ ಗೊತ್ತಿರಬೇಕು: ಗೇಟಿನಿಂದ ನೇರ ಎದುರಿಗೆ ಹಳೇ ನೀರಿನ ತೊಟ್ಟಿ, ಅದರ ಆಚೀಚೆ ಎರಡು ದಿಬ್ಬ. ಎಡಗಡೆಯದು ಸ್ವಲ್ಪ ದೊಡ್ಡದು, ಬಲಗಡೆಯದು ಸ್ವಲ್ಪ ಚಿಕ್ಕದು. ಈ ಸಲ ನಾದಿನಿ ಒಬ್ಬಳೇ ಹೋಗಬೇಕು. ಒಂದು ನಕ್ಷೆ ಹುಡುಕುವವಳಿಗೆ, ಇನ್ನೊಂದು ಗೇಟಿನಲ್ಲಿ ಕಾಯುವವಳಿಗೆ. ಏನಾದರೂ ಹೆಚ್ಚುಕಮ್ಮಿಯಾದರೆ ಎಲ್ಲಿ ನೋಡಬೇಕೆಂದು ಕಾಯುವವಳಿಗೂ ಗೊತ್ತಿರಬೇಕಲ್ಲ.

ಎರಡು ಪ್ರತಿ ಬೇಕು ಎಂದಾಗ ಆ ಕೈ ಇಪ್ಪತ್ತೆರಡು ವರ್ಷದಿಂದ ಮಾಡಿದ್ದನ್ನೇ ಮಾಡಿತು. ಅಚ್ಚಿನ ಕಾಗದವನ್ನು ನಡುವೆ ಮಡಚಿತು. ಮೇಲೆ ನಕ್ಷೆ ಇಟ್ಟು, ಹಿಡಿಕೆಯ ತುದಿಯಲ್ಲಿ ಹಲ್ಲಿನ ಚಕ್ರವಿರುವ, ಅಚ್ಚಿಗೆ ಗುರುತು ಹಾಕುವ ಸಾಧನವನ್ನು ಗೆರೆಗಳ ಮೇಲೆ ಒತ್ತಿ ಉರುಳಿಸಿತು. ಚಕ್ರದ ಹಲ್ಲು ಎರಡೂ ಪದರದಲ್ಲಿ ಚುಕ್ಕಿ ಕೊರೆಯಿತು. ಮಡಿಕೆ ಬಿಡಿಸಿ, ಎರಡಾಗಿ ಕತ್ತರಿಸಿ, ಚುಕ್ಕಿಗಳ ಮೇಲೆ ಪೆನ್ಸಿಲ್ ಎಳೆದು ಒಂದನ್ನು ನಾದಿನಿಗೆ ಎತ್ತಿಟ್ಟರು, ಒಂದನ್ನು ತಮಗೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ನಾದಿನಿ ಹೊರಟಳು. "ನಲವತ್ತು ನಿಮಿಷ" ಎಂದು ತಾತನಿಗೆ ಹೇಳಿ ಹೋದಳು.

ಮೊದಲ ಗುರುತು ನೀರಿನ ತೊಟ್ಟಿಯ ಹಿಂದೆ. ಐದೇ ನಿಮಿಷಕ್ಕೆ ಸಿಕ್ಕಿತು. ನಕ್ಷೆ ಸರಿಯಾಗಿದೆ ಎಂದು ಅವಳು ನಂಬಿದ್ದೇ ಅದರಿಂದ. ಎರಡನೆಯದು ಬಲಗಡೆ ದಿಬ್ಬದ ಬೆನ್ನಿಗೆ ಎಂದು ನಕ್ಷೆ ಹೇಳಿತು. ಹೋದಳು. ಹುಲ್ಲು ಸರಿಸಿ, ಪೊದೆ ಬಗೆದು, ಮರದ ಸುತ್ತ ಮೂರು ಸಲ ಸುತ್ತಿದಳು. ಇಲ್ಲ. ನಕ್ಷೆಯಲ್ಲಿ ಬಲಗಡೆ ದಿಬ್ಬ ದೊಡ್ಡದಾಗಿ ಕಂಡಿತು. ಅತ್ತಿಗೆ ಕೈಯಲ್ಲಿ ಗೀರಿದ್ದು, ಹೆಚ್ಚುಕಮ್ಮಿ ಇರುತ್ತದೆ ಎಂದುಕೊಂಡಳು. ಮೂರನೆಯದು ಇಲ್ಲ. ನಾಲ್ಕನೆಯದು ಇರಬೇಕಾದ ಕಡೆ ಯಾರೋ ಬಿಸಾಡಿದ ಒಂಟಿ ಚಪ್ಪಲಿ. ಐದನೆಯದರ ಹತ್ತಿರ ಹೋಗುವಷ್ಟರಲ್ಲಿ ಎಂಟೂವರೆ, ನೆತ್ತಿ ಸುಡುತ್ತಿತ್ತು, ಕೈಯಲ್ಲಿ ಮುಳ್ಳಿನ ಗೀರು.

ಇತ್ತ ಎಂಟು ಗಂಟೆಗೇ ಮಾಸ್ಟರಮ್ಮ ಕೂತಲ್ಲಿ ಕೂರಲಾಗದೆ ಎದ್ದಿದ್ದರು. ತಮ್ಮ ನಕ್ಷೆ ಹಿಡಿದು ಐದೂ ಜಾಗಕ್ಕೆ ಹೋಗಿ ಬಂದರು. ಬಟ್ಟೆಯ ಚೂರುಗಳು ಕಟ್ಟಿದಲ್ಲೇ ಇವೆ. ನಾದಿನಿ ಮಾತ್ರ ಎಲ್ಲೂ ಇಲ್ಲ. ಬಿಳಿಚಿಕೊಂಡು ವಾಪಸು ಬಂದವರನ್ನು ಸಮಾಧಾನ ಮಾಡಲು ತಾತ ಒಂದು ಮಾತು ಬಿಟ್ಟ.

"ಹಿಂದಿನ ಗೇಟಿಂದ ಮನೆಗೆ ಹೋಗಿ, ತಿಂಡಿ ತಿಂದು, ಮಲಗಿ ಗೊರಕೆ ಹೊಡೀತಿರ್ತಾರೆ. ಸುಮ್ನೆ ನೀವು ಇಲ್ಲಿ ಬೆವರು ಸುರಿಸ್ತಾ ಇದೀರ."

ಹೆದರಿದವರಿಗೆ ನಗು ಬೇಗ ಬರುತ್ತದೆ. ಮಾಸ್ಟರಮ್ಮ ಜೋರಾಗಿ ನಕ್ಕರು. ಅದೇ ಹೊತ್ತಿಗೆ ನಾದಿನಿ ದಾರಿಯ ತಿರುವಿನಲ್ಲಿ ಬಂದು ನಿಂತಳು. ಕೂದಲಲ್ಲಿ ಒಣ ಎಲೆ, ಮಂಡಿಯಲ್ಲಿ ಮಣ್ಣು. ಅವಳು ಕಂಡದ್ದು ಇಷ್ಟು: ಗೇಟಿನಲ್ಲಿ ಅತ್ತಿಗೆ ನಗುತ್ತಿದ್ದಾರೆ, ಜೊತೆಗೆ ಇನ್ನೊಬ್ಬರನ್ನೂ ಸೇರಿಸಿಕೊಂಡು.

"ಸಿಕ್ತಾ?" ಎಂದು ಮಾಸ್ಟರಮ್ಮ ಎದ್ದು ಬಂದರು.

"ಸಿಕ್ತು. ನಾನು ಎಂಥ ಪೆದ್ದಿ ಅನ್ನೋದು ಸಿಕ್ತು." ನಾದಿನಿ ಅಂದಳು. "ಕಟ್ಟದೇ ಇರೋ ಬಟ್ಟೆ ಹುಡುಕೋಕೆ ಕಳಿಸಿ ಇಲ್ಲಿ ಕೂತು ನಗ್ತಾ ಇದೀರಲ್ಲ. ಅವತ್ತು ಮೂವತ್ತು ಜನ ಇದ್ರು, ಇವತ್ತು ಒಬ್ರೇ. ಅಷ್ಟರಮಟ್ಟಿಗೆ ದಯೆ ತೋರಿಸಿದೀರ."

ನಕ್ಷೆಯನ್ನು ಬೆಂಚಿನ ಮೇಲೆ ಎಸೆದು ಹೊರಟೇಬಿಟ್ಟಳು.

ಮಾಸ್ಟರಮ್ಮ ಆ ನಕ್ಷೆಯನ್ನು ಎತ್ತಿಕೊಂಡರು. ಪಕ್ಕದಲ್ಲಿ ತಮ್ಮದನ್ನಿಟ್ಟರು. ಒಂದರ ಮೇಲೊಂದಿಟ್ಟು ಬಿಸಿಲಿಗೆ ಹಿಡಿದರು. ಗೆರೆಗಳು ಕೂಡಲಿಲ್ಲ. ಒಂದನ್ನು ಮಗುಚಿ ಮುಖಕ್ಕೆ ಮುಖ ಕೂಡಿಸಿದರು. ಚುಕ್ಕಿಗೆ ಚುಕ್ಕಿ ಕೂತಿತು. ಎಡದೋಳು, ಬಲದೋಳು! ಎಡದ ದಿಬ್ಬ ಬಲಕ್ಕೆ ಹೋಗಿತ್ತು, ಬಲದ್ದು ಎಡಕ್ಕೆ. ಸರಿಯಾಗಿ ನಡುವೆ ಇದ್ದ ತೊಟ್ಟಿಯೊಂದೇ ಇದ್ದಲ್ಲೇ ಇತ್ತು.

ಈಗ ಅವರ ಮುಂದೆ ಸುಲಭದ ದಾರಿಯೂ ಇತ್ತು, ನಾವೆಲ್ಲ ಹಿಡಿಯುವ ದಾರಿ. ಎರಡೂ ನಕ್ಷೆಗಳನ್ನು ಚೀಲಕ್ಕೆ ತುರುಕಿ, ಯಾರೋ ಬಟ್ಟೆ ಬಿಚ್ಚಿ ಬೇರೆ ಕಡೆ ಕಟ್ಟಿರಬೇಕು ಎಂದುಬಿಡಬಹುದಿತ್ತು. ನಾಳೆ ಮಾತಾಡೋಣ ಎಂದುಕೊಳ್ಳಬಹುದಿತ್ತು. ಐವತ್ತೆರಡು ವರ್ಷದ ಮಾಸ್ಟರಮ್ಮ ಅದು ಬಿಟ್ಟು ಓಡಿದರು. ಚಪ್ಪಲಿ ಕೈಗೆತ್ತಿಕೊಂಡು, ಪಾರ್ಕಿನ ಗೇಟಿನಿಂದ ಬಸ್ ನಿಲ್ದಾಣದವರೆಗೆ.

ನಿಲ್ದಾಣದಲ್ಲಿ ಎಂಟು ಹತ್ತು ಜನ ಕಾಯುತ್ತಿದ್ದರು. ನಾದಿನಿ ಬೆನ್ನು ತಿರುಗಿಸಿ ನಿಂತಿದ್ದಳು.

"ತಪ್ಪು ನಂದು ಕಣೇ," ಎಂದು ಮಾಸ್ಟರಮ್ಮ ಏದುಸಿರಿನಲ್ಲೇ ಅಂದರು. "ಮಡಚಿ ಗೀರಿಬಿಟ್ಟೆ. ನಿಂಗೆ ಕೊಟ್ಟಿದ್ದು ಉಲ್ಟಾ ನಕ್ಷೆ."

ನಾದಿನಿ ತಿರುಗಲಿಲ್ಲ. ಪತ್ರಿಕೆ ಓದುತ್ತಿದ್ದ ಒಬ್ಬಾತ ಮಾತ್ರ ತಿರುಗಿದ.

"ಆ ಕೋಟಿನ ತಪ್ಪೂ ನಂದೇ. ಅವತ್ತು ತಿರುವಬೇಕಾದ ಕಡೆ ತಿರುವಲಿಲ್ಲ, ಇವತ್ತು ತಿರುವಬಾರದ ಕಡೆ ತಿರುವಿದೆ. ಎರಡೂ ನನ್ನ ಕೈಯೇ. ಆದ್ರೆ ಕೈ ಮಾಡಿದ ತಪ್ಪಿಗಿಂತ ಬಾಯಿ ಮಾಡಿದ್ದು ದೊಡ್ಡದು. ಅಷ್ಟು ಜನರ ಮುಂದೆ ನಿನ್ನ ನಗೆಪಾಟಲು ಮಾಡಿದೆ. ನಾನು ಹಾಗೆ ಅನ್ನಬಾರದಿತ್ತು. ಆ ಕೆಲಸ ನಿಂಗೆ ಸಿಗ್ತಿತ್ತು."

ಬಸ್ಸು ಬಂತು, ನಿಂತಿತು. ಯಾರೂ ಹತ್ತಲಿಲ್ಲ. ಎಲ್ಲರಿಗೂ ಮುಂದೇನಾಗುತ್ತದೆ ಎಂಬ ಕುತೂಹಲ. ಕಂಡಕ್ಟರು ಎರಡು ಸಲ ಸೀಟಿ ಊದಿ ಸೋತು ಹೋದ.

ನಾದಿನಿ ಕೈ ಚಾಚಿದಳು. "ತನ್ನಿ ಇಲ್ಲಿ."

ತನ್ನ ನಕ್ಷೆಯನ್ನು ತಿರುಗಿಸಿ ಬಿಸಿಲಿಗೆ ಹಿಡಿದು, ಹಿಂಬದಿಯಿಂದ ಚುಕ್ಕಿಗಳನ್ನು ಒಂದೊಂದಾಗಿ ನೋಡಿದಳು.

"ಒಂಬತ್ತು ವರ್ಷ ಬೇಕಾಯ್ತಾ ಇಷ್ಟು ಹೇಳೋಕೆ?"

"ಬೇಕಾಯ್ತು."

"ನಾನು ಏನಂದ್ಕೊಂಡಿದ್ದೆ ಗೊತ್ತಾ? ನಾನು ಶಿಕ್ಷಕಿ ಆಗೋದು ನಿಮಗೆ ಇಷ್ಟ ಇರಲಿಲ್ಲ, ಬೇಕಂತಲೇ ಮಾಡಿದ್ರಿ ಅಂತ."

"ಅಷ್ಟು ಬುದ್ಧಿ ಇದ್ದಿದ್ರೆ ನಕ್ಷೆ ಸರಿಯಾಗಿ ಗೀರ್ತಾ ಇರಲಿಲ್ವಾ ನಾನು?"

ನಾದಿನಿಯ ತುಟಿಯಂಚು ಅಲುಗಿತು. ಆ ನಕ್ಷೆಯನ್ನು ಅತ್ತಿಗೆಯ ಕೈಗೆ ತುರುಕಿದಳು. "ನಡೀರಿ. ಈ ಉಲ್ಟಾದು ನೀವು ಹಿಡ್ಕೊಳ್ಳಿ. ನಿಮ್ಮದು ನನಗೆ ಕೊಡಿ. ನೀವು ಕಟ್ಟಿದ್ದನ್ನ ನೆನಪಿಂದ ಹುಡುಕೋ ಹಾಗಿಲ್ಲ. ಐದನ್ನೂ ಬಿಚ್ಚಿ ಬೇರೆ ಕಡೆ ಕಟ್ತೀನಿ, ಆಮೇಲೆ ಈ ಉಲ್ಟಾ ಕಾಗದದಲ್ಲೇ ಹೊಸ ಗುರುತು ಹಾಕಿ ಕೊಡ್ತೀನಿ. ಹುಡುಕಿ. ನಾನು ತಾತನ ಜೊತೆ ಕೂತು ನಗ್ತೀನಿ."

ಹಾಗೇ ಆಯಿತು. ಉಲ್ಟಾ ಎಂದು ಗೊತ್ತಿದ್ದೂ ಕಾಲು ಎಡಕ್ಕೇ ಎಳೆಯುತ್ತದೆ. ಹೆಜ್ಜೆ ಹೆಜ್ಜೆಗೂ ನಿಂತು, ಕಂಡದ್ದನ್ನು ಮನಸ್ಸಿನಲ್ಲಿ ಮಗುಚಿ ಹಾಕಬೇಕು. ಮಾಸ್ಟರಮ್ಮ ಐದನ್ನೂ ಮುಗಿಸಿ ಬಂದಾಗ ಒಂದು ಗಂಟೆ ಐವತ್ತು ನಿಮಿಷ ಆಗಿತ್ತು. ಬೆಂಚಿನ ಮೇಲೆ ದೊಪ್ಪನೆ ಕೂತು, "ಇಷ್ಟು ದಿನದಲ್ಲಿ ಇದೇ ಎಲ್ಲಕ್ಕಿಂತ ಚೆನ್ನಾಗಿತ್ತು ಕಣೇ" ಎಂದರು. ಗೇಟಿನ ತಾತ ಗಡಿಯಾರ ವಾಪಸು ಕೊಡುತ್ತ, "ಬರೋ ವಾರದಿಂದ ಗಡಿಯಾರ ಬೇಡ, ಕ್ಯಾಲೆಂಡರ್ ತರ್ತೀನಿ" ಎಂದ. ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮುಂದಿನ ಶನಿವಾರ ಅವಳು ಮೇಲಿನ ಕೋಣೆಯಿಂದ ಒಂದು ಗಂಟು ಹಿಡಿದು ಇಳಿದು ಬಂದಳು. ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದಳು. ಕಡುಕೆಂಪು ಮಖಮಲ್ಲಿನ ಕೋಟು, ಎರಡು ಎಡಗೈ ತೋಳುಗಳದ್ದು. ಒಂಬತ್ತು ವರ್ಷ ಮಡಚಿಟ್ಟ ಗೆರೆಗಳು ಅದರ ಮೇಲೆ ಹಾಗೇ ಇದ್ದವು. ಮಾಸ್ಟರಮ್ಮನ ಕೈ ತಾನಾಗಿ ಕತ್ತರಿಯ ಕಡೆ ಹೋಯಿತು.

"ಬೇಡ. ಕತ್ತರಿ ಇವತ್ತು ನಾನು ಹಿಡೀತೀನಿ. ನಿಮ್ಮ ಕೈ ನೋಡಿದ್ದಾಯ್ತು."

"ಚೆನ್ನಾಗಿರೋ ಬಟ್ಟೆ ಕಣೇ. ಬಿಚ್ಚಿ ಬೇರೆ ಏನಾದ್ರೂ ಹೊಲೀಬಹುದು."

"ಎರಡೂ ಎಡಗೈ ಆದ್ರೇನಂತೆ? ಬಾವುಟಕ್ಕೆ ಎಡ ಬಲ ಇಲ್ವಲ್ಲ."

ಕರ್ ಕರ್ ಎಂದು ಕತ್ತರಿಸಿದಳು. ಮಾಸ್ಟರಮ್ಮನ ಗಂಡ ಬಾಗಿಲಲ್ಲಿ ನಿಂತು, ಹೆಂಡತಿ ಸುಮ್ಮನೆ ಕೂತು ತಂಗಿ ಬಟ್ಟೆ ಕತ್ತರಿಸುವುದನ್ನು ನೋಡಿ, ಬೇರೆ ಯಾರ ಮನೆಗೋ ಬಂದೆನೇನೋ ಎಂಬಂತೆ ಮತ್ತೆ ಹೊರಗೆ ಹೋಗಿ ಬಾಗಿಲಿನ ಸಂಖ್ಯೆ ಓದಿ ಬಂದರಂತೆ. ಪಾರ್ಕಿನಲ್ಲಿ ಗುರುತಿಗೆ ಕಟ್ಟಲು ಒಟ್ಟು ಇಪ್ಪತ್ತಾರು ಚೂರುಗಳು.

ಈಗ ಒಂದು ವಾರ ಅತ್ತಿಗೆ ಕಟ್ಟುತ್ತಾರೆ, ನಾದಿನಿ ಹುಡುಕುತ್ತಾಳೆ. ಇನ್ನೊಂದು ವಾರ ಅದಲು ಬದಲು. ತಿಂಗಳ ಕೊನೆಯ ಭಾನುವಾರ ಉಲ್ಟಾ ನಕ್ಷೆ, ಆವತ್ತು ಇಬ್ಬರೂ ಒಟ್ಟಿಗೆ ಹೋಗಿ ಒಟ್ಟಿಗೆ ದಾರಿ ತಪ್ಪುತ್ತಾರೆ. ಕಾರ್ಖಾನೆಯಲ್ಲಿ ಯಂತ್ರಗಳ ಸದ್ದನ್ನು ಮೀರಿ, "ಅತ್ತಿಗೇ, ಪೀಸ್ ಕೊಡಿ, ಬಲಗೈದೂ ಇದೆಯಾ ನೋಡಿ ಕೊಡಿ!" ಎಂದು ಕಿಟಕಿಯ ಕಡೆಯಿಂದ ಕೂಗು ಬರುತ್ತದೆ. ಮೂವತ್ತು ಜನ ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ನಗುವುದು ಮಾಸ್ಟರಮ್ಮ. ನಾದಿನಿಯ ಸಕ್ಕರೆಯೂ ಹತೋಟಿಯಲ್ಲಿದೆ. ಶಿಕ್ಷಕಿಯ ಕೆಲಸ ಮಾತ್ರ ವಾಪಸು ಬರಲಿಲ್ಲ. ಅದು ಬರುವುದೂ ಇಲ್ಲ. ಯಾವ ನಕ್ಷೆಯೂ ಅಲ್ಲಿಗೆ ಒಯ್ಯುವುದಿಲ್ಲ.

ನಿಮಗೆ ಹೊಸ ಪಾರ್ಕು ಬೇಕಂತೆ. ಹೊಸ ಮನರಂಜನೆ ಬೇಕಂತೆ. ಅದೇ ಹನ್ನೊಂದು ಕಂಬ, ಅದೇ ಎರಡು ದಿಬ್ಬ ಇಟ್ಟುಕೊಂಡು ಇಬ್ಬರು ಹೊಲಿಗೆಯ ಹೆಂಗಸರು ಒಂದೂವರೆ ವರ್ಷದಿಂದ ವಾರಕ್ಕೊಂದು ಹೊಸ ಪಾರ್ಕು ಮಾಡಿಕೊಳ್ಳುತ್ತಿದ್ದಾರೆ. ಹದಿನೇಳು ಪತ್ರ ಬರೆದವರಲ್ಲಿ ಒಬ್ಬರಿಗಾದರೂ ಏಳನೇ ಕಂಬ ಕೆಳಗಿನಿಂದ ನೋಡಿದರೆ ಕಾಣುವುದಿಲ್ಲ ಎಂದು ಗೊತ್ತೇ? ಗೊತ್ತಿಲ್ಲದ ಮೇಲೆ ಆ ಪಾರ್ಕನ್ನು ನೋಡಿ ಮುಗಿಸಿದೆವು ಎನ್ನಲು ನಿಮಗೆ ನಾಲಿಗೆ ಹೇಗೆ ಹೊರಳಿತು?

ಗೇಟಿನ ಡಬ್ಬಿಯಲ್ಲಿ ನಕ್ಷೆಗಳಿವೆ. ಜೇಡನನ್ನು ತಾತ ಓಡಿಸಿದ್ದಾನೆ. ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಬನ್ನಿ. ನಕ್ಷೆಯನ್ನು ಹನ್ನೊಂದರಿಂದ ಒಂದಕ್ಕೆ ಓದಿ. ಆದರೆ ಒಬ್ಬರೇ ಬರಬೇಡಿ. ಒಂದು ಮಾತು ಹೇಳಬೇಕಾಗಿದ್ದು, ಮರುದಿನ ಹೇಳೋಣ ಎಂದು ಇಷ್ಟು ವರ್ಷ ತಳ್ಳಿಕೊಂಡು ಬಂದಿದ್ದೀರಲ್ಲ, ಆ ಮನುಷ್ಯರನ್ನು ಜೊತೆಗೆ ಕರೆದುಕೊಂಡು ಬನ್ನಿ. ಯಾರು ಎಂದು ನನ್ನನ್ನು ಕೇಳಬೇಡಿ, ನಿಮಗೆ ಗೊತ್ತು. ಈ ಪತ್ರಿಕೆ ಕೆಳಗಿಡಿ. ಎದ್ದು ಹೋಗಿ ಅವರ ಬಾಗಿಲು ತಟ್ಟಿ.